ಮೂರು ಬಾರಿ ಮನೆ ಬದಲಿಸುವ ನಾಯಿ: ಮಾರ್ಗದರ್ಶಿ ನಾಯಿಮರಿಗಳ ಸಾಕಣೆಯ ಇತಿಹಾಸ

ನಾಯಿಮರಿಯನ್ನು ಎಷ್ಟು ವಾರ ತುಂಬಿದ ಮೇಲೆ ಹೊಸ ಮನೆಗೆ ಕಳುಹಿಸಬೇಕು, ತಡವಾಗಿ ಬಂದ ಬೆಳೆದ ಮರಿ ಆ ಮನೆಗೆ ಒಗ್ಗಲು ಏಕೆ ಹೆಣಗುತ್ತದೆ ಎಂಬ ಪ್ರಶ್ನೆಗಳಿಗೆ ಬಹುಕಾಲ ಸಾಕುವವರ ಅನುಭವದ ಮಾತೇ ಉತ್ತರವಾಗಿತ್ತು. ಆ ಮಾತನ್ನು ಲೆಕ್ಕವಿಟ್ಟು ಪರೀಕ್ಷಿಸಲೇಬೇಕಾದ ಒತ್ತಡ ಬಂದದ್ದು ಮಾರ್ಗದರ್ಶಿ ನಾಯಿಗಳನ್ನು, ಅಂದರೆ ಅಂಧರನ್ನು ಬೀದಿಯಲ್ಲಿ ಸುರಕ್ಷಿತವಾಗಿ ನಡೆಸಿಕೊಂಡು ಹೋಗುವ ನಾಯಿಗಳನ್ನು, ತಯಾರು ಮಾಡುವ ಸಂಸ್ಥೆಗಳಿಗೆ. ಇಂಥ ನಾಯಿ ಹುಟ್ಟಿದ ಕೆನೆಲ್‌ನಿಂದ (ನಾಯಿಗಳನ್ನು ಒಟ್ಟಾಗಿ ಇರಿಸಿ ಸಾಕುವ ಸ್ಥಳ) ಸಾಕುಮನೆಗೆ, ಅಲ್ಲಿಂದ ತರಬೇತಿ ಶಾಲೆಗೆ, ಕೊನೆಗೆ ಅಂಧ ಒಡೆಯನ ಮನೆಗೆ, ಹೀಗೆ ಮೂರು ಬಾರಿ ನೆಲೆ ಬದಲಿಸಬೇಕಾಗಿದ್ದುದರಿಂದ, ಹೊಸ ಮನೆಗೆ ಒಗ್ಗುವುದೇ ಅದರ ವೃತ್ತಿಯ ಮೊದಲ ಅರ್ಹತೆಯಾಗಿತ್ತು.

ಮೊದಲ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬುರ್ಗ್‌ನಲ್ಲಿ ಆರಂಭವಾದ ಶಾಲೆಯಿಂದ ಈ ಪದ್ಧತಿ ಬೆಳೆಯಿತು. ಸ್ವಿಟ್ಜರ್ಲೆಂಡಿನಲ್ಲಿ ನಾಯಿಗಳನ್ನು ಸಾಕಿ ತರಬೇತಿ ಕೊಡುತ್ತಿದ್ದ ಡೊರೊಥಿ ಹ್ಯಾರಿಸನ್ ಯೂಸ್ಟಿಸ್ 1927ರಲ್ಲಿ ಬರೆದ ಲೇಖನವು ಅದರ ಸುದ್ದಿಯನ್ನು ಅಮೆರಿಕಕ್ಕೆ ತಲುಪಿಸಿತು. 1929ರಲ್ಲಿ ಅಲ್ಲಿ ‘ದಿ ಸೀಯಿಂಗ್ ಐ’ ಸಂಸ್ಥೆ ಸ್ಥಾಪನೆಯಾಯಿತು. ಆರಂಭದ ಕಾಲದಲ್ಲಿ ಶಾಲೆಗಳು ಬೆಳೆದ ನಾಯಿಗಳನ್ನೇ ಆರಿಸಿ ತರುತ್ತಿದ್ದವು. ತಾವೇ ಮರಿ ಹಾಕಿಸಿ ಬೆಳೆಸುವ ಕ್ರಮ ಬಂದಂತೆ, ತರಬೇತಿಯ ವಯಸ್ಸು ತುಂಬುವವರೆಗೆ ಆ ಮರಿಗಳನ್ನು ಎಲ್ಲಿಡಬೇಕೆಂಬ ಸಮಸ್ಯೆ ಎದುರಾಯಿತು. 1942ರಲ್ಲಿ ಸೀಯಿಂಗ್ ಐ ಸಂಸ್ಥೆಯು ಅವನ್ನು ‘ಫೋರ್-ಎಚ್’ ಎಂಬ ಗ್ರಾಮೀಣ ಯುವಸಂಘದ ಮಕ್ಕಳ ಮನೆಗಳಲ್ಲಿ ಬೆಳೆಸಲು ಕೊಡತೊಡಗಿತು.

ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ‘ಗೈಡ್ ಡಾಗ್ಸ್ ಫಾರ್ ದಿ ಬ್ಲೈಂಡ್’ ಹುಟ್ಟಿ, 1947ರಲ್ಲಿ ಸ್ಯಾನ್ ರಫೇಲ್‌ಗೆ ನೆಲೆ ಬದಲಿಸಿತು. ಅಲ್ಲಿ ಮರಿಗಳ ಆಯ್ಕೆಯ ಹೊಣೆ ಹೊತ್ತಿದ್ದ ಕ್ಲಾರೆನ್ಸ್ ಫಾಫೆನ್‌ಬರ್ಗರ್ ದಾಖಲಿಸಿರುವಂತೆ, ಆರಂಭದಲ್ಲಿ ತರಬೇತಿಗೆ ಸೇರಿದ ನಾಯಿಗಳಲ್ಲಿ ನೂರಕ್ಕೆ 9 ಮಾತ್ರ ಕೆಲಸಕ್ಕೆ ಅರ್ಹವಾಗುತ್ತಿದ್ದವು. ದೋಷ ತಳಿಯಲ್ಲಿದೆಯೋ ಸಾಕಣೆಯಲ್ಲಿದೆಯೋ ಎಂದು ತಿಳಿಯಲು ಅವರು ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿದ್ದ ಜಾಕ್ಸನ್ ಸ್ಮಾರಕ ಪ್ರಯೋಗಾಲಯದ ಜಾನ್ ಪಾಲ್ ಸ್ಕಾಟ್ ಅವರ ನೆರವು ಪಡೆದರು. ಸ್ಕಾಟ್ ಮತ್ತು ಜಾನ್ ಫುಲ್ಲರ್ ಅಲ್ಲಿ ಐದು ತಳಿಗಳ ನಾಯಿಗಳನ್ನು ವರ್ಷಗಟ್ಟಲೆ ಗಮನಿಸಿ, ಮರಿಯು ಇತರ ಜೀವಿಗಳೊಡನೆ ನಂಟು ಬೆಳೆಸಿಕೊಳ್ಳುವ ‘ಸಾಮಾಜೀಕರಣ’ದ ಕಾಲ ಸುಮಾರು 3ನೆಯ ವಾರದಿಂದ 12ನೆಯ ವಾರದವರೆಗೆ ಇರುತ್ತದೆಂದು ಕಂಡುಕೊಂಡರು. ಆ ಪ್ರಯೋಗಾಲಯದಲ್ಲೇ ನಡೆದು 1961ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಎತ್ತರದ ಬೇಲಿಯ ಒಂದು ಎಕರೆ ಬಯಲಿನಲ್ಲಿ ಮನುಷ್ಯರ ಒಡನಾಟವಿಲ್ಲದೆ 14 ವಾರ ಬೆಳೆದ ಮರಿಗಳು ಕಾಡುಪ್ರಾಣಿಗಳಂತೆ ಮನುಷ್ಯರಿಂದ ದೂರ ಸರಿದವು. ನಡುವೆ ಒಂದೇ ವಾರ ಮನುಷ್ಯರ ಜೊತೆ ಆಡಿದ್ದ ಮರಿಗಳಲ್ಲಿ, ಅದರಲ್ಲೂ 7ನೆಯ ವಾರದ ಸುಮಾರಿಗೆ ಆ ಅವಕಾಶ ಪಡೆದವುಗಳಲ್ಲಿ, ಅಂಥ ಭಯ ಬಹಳ ಕಡಿಮೆಯಿತ್ತು.

ಬೆಳೆದ ಮರಿಯ ಮಟ್ಟಿಗೆ ಇದಕ್ಕಿಂತ ಹೆಚ್ಚು ಬೆಳಕು ಬೀರಿದ್ದು ಸ್ಯಾನ್ ರಫೇಲ್‌ನ ದಾಖಲೆಗಳು. ಅಲ್ಲಿ 8ರಿಂದ 12 ವಾರದ ಮರಿಗಳನ್ನು ವಾರಕ್ಕೊಮ್ಮೆ ಪರೀಕ್ಷಿಸಲಾಗುತ್ತಿತ್ತು. ತೇರ್ಗಡೆಯಾದವು ಸಾಕುಮನೆ ಸಿಗುವವರೆಗೆ ಕೆನೆಲ್‌ನಲ್ಲೇ ಉಳಿಯುತ್ತಿದ್ದವು. ಫಾಫೆನ್‌ಬರ್ಗರ್ ಮತ್ತು ಸ್ಕಾಟ್ 1959ರಲ್ಲಿ ತೋರಿಸಿದಂತೆ, ಪರೀಕ್ಷೆ ಮುಗಿದ ಒಂದು ವಾರದೊಳಗೆ ಮನೆ ಸೇರಿದ ಮರಿಗಳಲ್ಲಿ ನೂರಕ್ಕೆ 90ರಷ್ಟು ಮುಂದೆ ಮಾರ್ಗದರ್ಶಿಗಳಾದರೆ, ಮೂರು ವಾರಕ್ಕಿಂತ ಹೆಚ್ಚು ಕಾಲ ಕಾದವುಗಳಲ್ಲಿ ಆ ಪ್ರಮಾಣ 30ಕ್ಕೆ ಇಳಿದಿತ್ತು. ಒಂದೇ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದ ಈ ಮರಿಗಳ ನಡುವಿನ ಮುಖ್ಯ ವ್ಯತ್ಯಾಸವೆಂದರೆ, ಹೊಸದೇನನ್ನೂ ಕಾಣದೆ ಗೂಡಿನಲ್ಲಿ ಕಳೆದ ಆ ಕೆಲವು ವಾರಗಳು. ಸೋತವು ಮಂದಬುದ್ಧಿಯವಲ್ಲ, ವಾಹನ ಬರುತ್ತಿರುವಾಗ ಒಡೆಯ ಮುಂದೆ ನಡೆಯೆಂದರೂ ನಿಲ್ಲುವಂಥ, ತಾನೇ ನಿರ್ಧರಿಸುವ ಧೈರ್ಯ ಅವಕ್ಕಿರಲಿಲ್ಲ.

ಈ ಅರಿವು ಮೂಡುತ್ತಿದ್ದ ಕಾಲದಲ್ಲೇ ಸಾಕಣೆಯ ಕ್ರಮವೂ ಬದಲಾಗುತ್ತಿತ್ತು. ಬ್ರಿಟನ್ನಿನ ಮಾರ್ಗದರ್ಶಿ ನಾಯಿ ಸಂಘವು 1956ರಲ್ಲಿ ‘ಪಪ್ಪಿ ವಾಕಿಂಗ್’ ಎಂಬ ಯೋಜನೆಯಡಿ ಮರಿಗಳನ್ನು ಸ್ವಯಂಸೇವಕರ ಮನೆಗಳಿಗೆ ಒಪ್ಪಿಸತೊಡಗಿತು. ಮೆಟ್ಟಿಲು, ಬಸ್ಸು, ಸಂತೆಯ ಗದ್ದಲ, ಅಪರಿಚಿತರ ಕೈಗಳು, ಸ್ವಲ್ಪ ಹೊತ್ತಿನ ಒಂಟಿತನ ಇವೆಲ್ಲವನ್ನೂ ಹೆದರಿಸದೆ ಒಂದೊಂದಾಗಿ ಪರಿಚಯಿಸುವುದೇ ಸಾಕುಮನೆಯ ಕೆಲಸವಾಯಿತು. ಕೊನೆಯ ಕಠಿಣ ವರ್ಗಾವಣೆಯಾದ ಅಂಧ ಒಡೆಯನ ಕೈಸೇರುವ ಹಂತದಲ್ಲಿಯೂ ಶಾಲೆಗಳು ಅವಸರ ಮಾಡಲಿಲ್ಲ: ಒಡೆಯನು ಶಾಲೆಯಲ್ಲೇ ಕೆಲವು ವಾರ ತಂಗಿ, ನಾಯಿಗೆ ತಾನೇ ಉಣಿಸಿ, ಅದನ್ನು ತನ್ನ ಕೋಣೆಯಲ್ಲೇ ಮಲಗಿಸಿಕೊಂಡು, ನಂಟು ಬಲಿತ ಮೇಲೆಯೇ ಊರಿಗೆ ಕರೆದೊಯ್ಯುವ ಪದ್ಧತಿ ರೂಢಿಗೆ ಬಂದಿತು.

ಸ್ಯಾನ್ ರಫೇಲ್‌ನ ಗೂಡಿನಲ್ಲಿ ಉಳಿದ ನಾಲ್ಕು ತಿಂಗಳ ಮರಿಗೆ ಮೊದಲ ಮನೆಯೇ ಭಾರವಾಗಿತ್ತು. ಮನೆಯಲ್ಲಿ ಬೆಳೆದ ನಾಯಿಯೋ ಒಂದೂವರೆ ವರ್ಷ ದಾಟಿದ ಮೇಲೂ ತನ್ನ ಕೊನೆಯ ಮನೆಗೆ ಒಗ್ಗಿಕೊಂಡು, ಒಬ್ಬ ಮನುಷ್ಯನ ಜೀವವನ್ನೇ ಕಾಯುವ ಹೊಣೆ ಹೊರುತ್ತದೆ. ತಡವಾಗಿ ಬಂದ ಮರಿಯ ವಿಷಯದಲ್ಲಿ ಅದರ ವಯಸ್ಸನ್ನಷ್ಟೇ ಕೇಳುವ ಬದಲು, ಅದುವರೆಗಿನ ವಾರಗಳನ್ನು ಅದು ಎಲ್ಲಿ, ಯಾರ ನಡುವೆ ಕಳೆಯಿತೆಂದು ಕೇಳಬೇಕಾದುದು ಇದರಿಂದಲೇ.