ಆಕ್ರಿಂಗ್ಟನ್ನಿನ ಮೇಷ್ಟ್ರು

ಜಾನ್ ಕೋಲ್ಮನ್ ಹುಟ್ಟಿದ್ದು 1962ರ ಅಕ್ಟೋಬರಿನಲ್ಲಿ, ಲಿವರ್‌ಪೂಲ್ ಪಕ್ಕದ ಕರ್ಕ್‌ಬಿಯಲ್ಲಿ. ವೃತ್ತಿಯಿಂದ ಶಾಲಾ ಮೇಷ್ಟ್ರು. ಮರೀನ್, ಸೌತ್‌ಪೋರ್ಟ್, ರನ್‌ಕಾರ್ನ್, ವಿಟನ್ ಆಲ್ಬಿಯನ್, ಮೋರ್ಕ್ಯಾಂಬ್ ಎಂದು ವಾಯವ್ಯ ಇಂಗ್ಲೆಂಡಿನ ಸಣ್ಣ ಊರುಗಳ ತಂಡಗಳಲ್ಲಿ ಗೋಲು ಹೊಡೆಯುತ್ತಲೇ ಆಟಗಾರನ ಆಯುಷ್ಯ ಕಳೆದರು. ಫುಟ್‌ಬಾಲ್ ಲೀಗಿನ ನಾಲ್ಕು ಡಿವಿಷನ್‌ಗಳ ಒಂದು ಪಂದ್ಯವನ್ನೂ ಆಡಲಿಲ್ಲ. ಆ ನಾಲ್ಕರ ಕೆಳಗಿನ ಲೋಕಕ್ಕೆ ಇಂಗ್ಲೆಂಡಿನಲ್ಲಿ ‘ನಾನ್-ಲೀಗ್’ ಎನ್ನುತ್ತಾರೆ. ಅಲ್ಲಿ ಆಟವೆಂದರೆ ಹಗಲು ಬೇರೆ ಕೆಲಸ, ಸಂಜೆ ಅಭ್ಯಾಸ, ಶನಿವಾರ ಪಂದ್ಯ. ಆಷ್ಟನ್ ಯುನೈಟೆಡ್ ತಂಡವನ್ನು ನಡೆಸಿ ಪಳಗಿದ ಕೋಲ್ಮನ್ 1999ರಲ್ಲಿ ಆಕ್ರಿಂಗ್ಟನ್ ಸ್ಟ್ಯಾನ್ಲಿಯ ಮ್ಯಾನೇಜರ್ ಆದರು. ಏಳೇ ವರ್ಷದಲ್ಲಿ ಅದೇ ತಂಡವನ್ನು ಫುಟ್‌ಬಾಲ್ ಲೀಗಿಗೆ ಒಯ್ದರು. ಇದನ್ನು ಪವಾಡವೆಂದು ಹೇಳಿಬಿಡುವುದು ಸುಲಭ. ನನಗೆ ಕಾಣುವುದು ಬೇರೆ: ಈ ಮನುಷ್ಯನ ಯೋಗ್ಯತೆಯಷ್ಟೇ ಮುಖ್ಯವಾದದ್ದು ಅವರ ಕಾಲಕ್ಕೆ ತೆರೆದಿದ್ದ ಒಂದು ಬಾಗಿಲು. ಅವರಿಗಿಂತ ಹಿಂದಿನ ತಲೆಮಾರಿನಲ್ಲಿ ಮ್ಯಾನೇಜರ್ ಮೇಲೇರಬಹುದಿತ್ತು, ತಂಡ ಏರುವಂತಿರಲಿಲ್ಲ.

ಐಪಿಎಲ್ ನೋಡಿ ಬೆಳೆದವರಿಗೆ ಬಡ್ತಿ–ಹಿಂಬಡ್ತಿಯ ವ್ಯವಸ್ಥೆಯೇ ಹೊಸದು. ಅಲ್ಲಿ ಹತ್ತನೇ ಸ್ಥಾನಕ್ಕೆ ಬಿದ್ದ ತಂಡ ಮುಂದಿನ ವರ್ಷವೂ ಟೂರ್ನಿಯಲ್ಲೇ ಇರುತ್ತದೆ. ಇಂಗ್ಲೆಂಡಿನಲ್ಲಿ ಡಿವಿಷನ್ನಿನಿಂದ ಡಿವಿಷನ್ನಿಗೆ ಏರಿಳಿಯುವ ಪದ್ಧತಿ ಹತ್ತೊಂಬತ್ತನೇ ಶತಮಾನದಿಂದಲೇ ಇತ್ತು, ಆದರೆ ಅದು ಲೀಗಿನ ಒಳಗೆ ಮಾತ್ರ. ಲೀಗಿನ ತಳಕ್ಕೂ ನಾನ್-ಲೀಗಿನ ತುದಿಗೂ ನಡುವೆ ಇದ್ದದ್ದು ಮತದಾನ. ಕೊನೆಯ ಸ್ಥಾನಗಳಲ್ಲಿ ಉಳಿದ ತಂಡಗಳು ‘ನಮ್ಮನ್ನು ಮತ್ತೆ ಆರಿಸಿ’ ಎಂದು ಕೇಳಬೇಕಿತ್ತು. ಹೊರಗಿನವರು ಒಳಗೆ ಬಿಡಿ ಎಂದು ಅರ್ಜಿ ಹಾಕಬೇಕಿತ್ತು. ಮತ ಹಾಕುವವರು ಒಳಗಿದ್ದ ಕ್ಲಬ್‌ಗಳೇ. ನಾಳೆ ತಮಗೂ ಅದೇ ಗತಿ ಬರಬಹುದೆಂದು ಬಲ್ಲವರು ಪರಿಚಯದ ನೆರೆಯವನನ್ನು ಉಳಿಸಿಕೊಳ್ಳುವುದು ಸಹಜ. 1980ರಲ್ಲಿ ನಾನ್-ಲೀಗಿನ ಅಗ್ರ ಟೂರ್ನಿ ಗೆದ್ದ ಆಲ್ಟ್ರಿಂಕಂ ಒಂದೇ ಒಂದು ಮತದಿಂದ ಹೊರಗುಳಿಯಿತು, ಲೀಗಿನ ತಳದಲ್ಲಿದ್ದ ರಾಚ್‌ಡೇಲ್ ಉಳಿದುಕೊಂಡಿತು. ಮರುವರ್ಷವೂ ಆಲ್ಟ್ರಿಂಕಂ ಆ ಟೂರ್ನಿಯನ್ನು ಗೆದ್ದಿತು. ಏನೂ ಆಗಲಿಲ್ಲ.

ಬಾಸ್ಟನ್ ಯುನೈಟೆಡ್ಡಿನ ಕತೆ ಇನ್ನೂ ಸ್ಪಷ್ಟ. ಈ ತಂಡ 1970ರ ದಶಕದಲ್ಲಿ ನಾನ್-ಲೀಗಿನ ನಾರ್ದರ್ನ್ ಪ್ರೀಮಿಯರ್ ಲೀಗನ್ನು ನಾಲ್ಕು ಸಲ ಗೆದ್ದಿತು. 1978ರಲ್ಲಂತೂ ಅದರ ಮೈದಾನ ಲೀಗಿನ ಅಳತೆಗೆ ಸಾಲದೆಂದಾಗಿ, ಎರಡನೇ ಸ್ಥಾನದಲ್ಲಿದ್ದ ವಿಗನ್ ಅಥ್ಲೆಟಿಕ್ ಮತ ಪಡೆದು ಒಳಗೆ ಹೋಯಿತು. ಆದರೆ ಅಲ್ಲಿ ಆಟಗಾರರೂ ಮ್ಯಾನೇಜರೂ ಆಗಿದ್ದವರನ್ನು ನೋಡಿ. ಜಿಮ್ ಸ್ಮಿತ್ ಅಲ್ಲಿಂದ ಕೋಲ್ಚೆಸ್ಟರಿಗೆ ಹೋಗಿ, ಮುಂದೆ ದೇಶದ ಅಗ್ರ ಡಿವಿಷನ್ನಿನ ತಂಡಗಳನ್ನು ನಡೆಸಿದರು. ಹೊವರ್ಡ್ ವಿಲ್ಕಿನ್ಸನ್ 1992ರಲ್ಲಿ ಲೀಡ್ಸ್ ಯುನೈಟೆಡ್ಡಿಗೆ ಲೀಗ್ ಪ್ರಶಸ್ತಿ ಗೆದ್ದುಕೊಟ್ಟರು. ಅವರ ನಂತರ ಯಾವ ಇಂಗ್ಲಿಷ್ ಮ್ಯಾನೇಜರಿಗೂ ಅದು ಸಾಧ್ಯವಾಗಿಲ್ಲ. ನಾನ್-ಲೀಗಿನ ಕೆಟರಿಂಗ್‌ನಲ್ಲಿ ಕೆಲಸ ಕಲಿತ ರಾನ್ ಆಟ್ಕಿನ್ಸನ್ ಮ್ಯಾಂಚೆಸ್ಟರ್ ಯುನೈಟೆಡ್ ತನಕ ಏರಿದರು. ನಾನ್-ಲೀಗ್ ಆಗಲೂ ಮ್ಯಾನೇಜರ್‌ಗಳನ್ನು ತಯಾರಿಸುತ್ತಲೇ ಇತ್ತು. ಆದರೆ ಕಲಿತವನು ಊರು ಬಿಡಬೇಕಿತ್ತು, ಕಲಿಸಿದ ಕ್ಲಬ್ ಇದ್ದಲ್ಲೇ ಕೂತಿರಬೇಕಿತ್ತು.

1987ರಲ್ಲಿ ಮತದಾನ ಹೋಗಿ, ನಾನ್-ಲೀಗಿನ ಅಗ್ರ ಟೂರ್ನಿಯಾದ ಕಾನ್ಫರೆನ್ಸ್ ಗೆದ್ದ ತಂಡಕ್ಕೆ ನೇರ ಬಡ್ತಿ ಬಂತು. ಮೊದಲು ಒಳಹೊಕ್ಕದ್ದು ನೀಲ್ ವಾರ್ನಕ್ ನಡೆಸುತ್ತಿದ್ದ ಸ್ಕಾರ್ಬರೊ. 2003ರಿಂದ ಒಂದರ ಬದಲು ಎರಡು ತಂಡಗಳಿಗೆ ಅವಕಾಶವಾಯಿತು. ಕೋಲ್ಮನ್ ಆಕ್ರಿಂಗ್ಟನ್ನಿಗೆ ಬಂದದ್ದು ಈ ಎರಡು ಬದಲಾವಣೆಗಳ ನಡುವೆ.

ಬಂದದ್ದು ಎಂಥ ಕ್ಲಬ್ಬಿಗೆ ಎಂಬುದನ್ನೂ ತಿಳಿಯಬೇಕು. ಲ್ಯಾಂಕಾಷೈರಿನ ಈ ಹತ್ತಿ ಗಿರಣಿಗಳ ಊರಿನ ಹೆಸರು ಲೀಗಿನ ಇತಿಹಾಸದ ಮೊದಲ ಪುಟದಲ್ಲೇ ಇದೆ: 1888ರಲ್ಲಿ ಲೀಗನ್ನು ಕಟ್ಟಿದ ಹನ್ನೆರಡು ಕ್ಲಬ್‌ಗಳಲ್ಲಿ ಆಕ್ರಿಂಗ್ಟನ್ ಒಂದು. ಅದು ಬೇಗನೆ ಅಳಿಯಿತು. ಸ್ಟ್ಯಾನ್ಲಿ ಬೀದಿಯ ಹೆಸರು ಹೊತ್ತ ಇನ್ನೊಂದು ಕ್ಲಬ್ 1921ರಲ್ಲಿ ಲೀಗ್ ಸೇರಿತು. 1962ರ ಮಾರ್ಚಿನಲ್ಲಿ ಸಾಲ ಕುತ್ತಿಗೆಗೆ ಬಂದಾಗ ಆಡಳಿತದವರು ರಾಜೀನಾಮೆ ಪತ್ರ ಕಳಿಸಿದರು. ಒಡನೆಯೇ ಮನಸ್ಸು ಬದಲಾಯಿಸಿ, ಪತ್ರ ವಾಪಸು ಕೊಡಿ, ಹೇಗೋ ಸೀಸನ್ ಮುಗಿಸುತ್ತೇವೆ ಎಂದು ಬೇಡಿಕೊಂಡರು. ಲೀಗಿನ ಕಾರ್ಯದರ್ಶಿ ಆ್ಯಲನ್ ಹಾರ್ಡೇಕರ್ ಒಪ್ಪಲಿಲ್ಲ. ಆ ಸೀಸನ್ನಿನಲ್ಲಿ ಆಡಿ ಮುಗಿಸಿದ್ದ 33 ಪಂದ್ಯಗಳನ್ನೂ ದಾಖಲೆಯಿಂದ ಅಳಿಸಿಹಾಕಿದರು. ಖಾಲಿಯಾದ ಜಾಗಕ್ಕೆ ಮತ ಪಡೆದು ಬಂದದ್ದು ಆಕ್ಸ್‌ಫರ್ಡ್ ಯುನೈಟೆಡ್. ಸ್ಟ್ಯಾನ್ಲಿ 1966ರಲ್ಲಿ ಬಾಗಿಲು ಮುಚ್ಚಿತು. 1968ರಲ್ಲಿ ಅದೇ ಹೆಸರಿನಲ್ಲಿ ಹೊಸ ಕ್ಲಬ್ ಹುಟ್ಟಿತು. ಆಮೇಲೆ ದೇಶಕ್ಕೆಲ್ಲ ಆ ಹೆಸರು ಗೊತ್ತಾದದ್ದು 1980ರ ದಶಕದ ಕೊನೆಗೆ ಬಂದ ಹಾಲಿನ ಜಾಹೀರಾತಿನಿಂದ, ಅದೂ ಯಾರಿಗೂ ಗೊತ್ತಿಲ್ಲದ ತಂಡಕ್ಕೆ ಉದಾಹರಣೆಯಾಗಿ.

ಕೋಲ್ಮನ್ ತಮ್ಮ ಹಳೆಯ ಒಡನಾಡಿ ಜಿಮ್ಮಿ ಬೆಲ್ ಅವರನ್ನು ಸಹಾಯಕರಾಗಿ ಕರೆತಂದರು. ಮೊದಲ ಸೀಸನ್ನಿನಲ್ಲೇ, ಅಂದರೆ 2000ದಲ್ಲಿ, ತಂಡ ನಾರ್ದರ್ನ್ ಪ್ರೀಮಿಯರ್ ಲೀಗಿನ ಮೊದಲ ಡಿವಿಷನ್ ಗೆದ್ದಿತು. 2003ರಲ್ಲಿ ಅದರ ಮೇಲಿನ ಡಿವಿಷನ್. 2006ರಲ್ಲಿ ಕಾನ್ಫರೆನ್ಸ್. 44 ವರ್ಷಗಳ ನಂತರ ಆಕ್ರಿಂಗ್ಟನ್ ಲೀಗಿಗೆ ಮರಳಿದ ಆ ವರ್ಷವೇ ಲೀಗಿನಿಂದ ಕೆಳಗೆ ಬಿದ್ದ ಎರಡು ತಂಡಗಳಲ್ಲಿ ಒಂದು ಆಕ್ಸ್‌ಫರ್ಡ್ ಯುನೈಟೆಡ್. ಕಾದಂಬರಿಕಾರ ಇದನ್ನು ಬರೆದಿದ್ದರೆ ಓದುಗರು ಅತಿಯಾಯಿತು ಎನ್ನುತ್ತಿದ್ದರು.

ನನ್ನ ಈ ವಾದಕ್ಕೊಂದು ಬಲವಾದ ಆಕ್ಷೇಪವಿದೆ: ಬಾಗಿಲೂ ಅಲ್ಲ, ಮ್ಯಾನೇಜರೂ ಅಲ್ಲ, ದುಡ್ಡು. 1997ರಲ್ಲಿ ಆಕ್ರಿಂಗ್ಟನ್ ತನ್ನ ಆಟಗಾರ ಬ್ರೆಟ್ ಆರ್ಮರಾಡ್‌ನನ್ನು 50,000 ಪೌಂಡಿಗೆ ಬ್ಲ್ಯಾಕ್‌ಪೂಲಿಗೆ ಕೊಟ್ಟಿತ್ತು. ಅವನನ್ನು ಮುಂದೆ ಬೇರೆಯವರಿಗೆ ಮಾರಿದರೆ ಬಂದ ಹಣದ ಕಾಲುಭಾಗ ನಮಗೆ ಎಂಬ ಷರತ್ತು ಒಪ್ಪಂದದಲ್ಲಿತ್ತು. 2001ರ ಡಿಸೆಂಬರಿನಲ್ಲಿ ಸೌತಾಂಪ್ಟನ್ ಹತ್ತು ಲಕ್ಷ ಪೌಂಡಿಗೂ ಮೀರಿ ಕೊಟ್ಟು ಅವನನ್ನು ಕೊಂಡಾಗ ಆಕ್ರಿಂಗ್ಟನ್ನಿನ ಪಾಲಿಗೆ ಲಕ್ಷಗಟ್ಟಲೆ ಬಂತು. ಆ ಹಣದ ಪಾತ್ರ ಸಣ್ಣದಲ್ಲ, ಒಪ್ಪಬೇಕಾದ್ದೇ. ಆದರೆ ತಾರೀಖು ನೋಡಿ: ಮೊದಲ ಬಡ್ತಿ ಬಂದದ್ದು ಹಣ ಬರುವ ಮೊದಲು. ಇನ್ನು ಹಣವೊಂದೇ ಸಾಕೇ ಎಂಬುದಕ್ಕೆ 2006ರಲ್ಲಿ ಆಕ್ಸ್‌ಫರ್ಡ್ ಜೊತೆ ಹೊರಬಿದ್ದ ಎರಡನೇ ತಂಡ ರಶ್ಡನ್ ಅಂಡ್ ಡೈಮಂಡ್ಸ್ ಉತ್ತರ ಹೇಳುತ್ತದೆ. ಡಾಕ್ ಮಾರ್ಟನ್ಸ್ ಬೂಟಿನ ಉದ್ಯಮಿ ಮ್ಯಾಕ್ಸ್ ಗ್ರಿಗ್ಸ್ ಎರಡು ಸಣ್ಣ ಕ್ಲಬ್ ಸೇರಿಸಿ 1992ರಲ್ಲಿ ಕಟ್ಟಿದ ತಂಡ ಅದು. ಆಕ್ರಿಂಗ್ಟನ್ ಕನಸಿನಲ್ಲೂ ಕಾಣದಷ್ಟು ಹಣ ಸುರಿದು ಒಂಬತ್ತು ವರ್ಷದಲ್ಲಿ ಲೀಗ್ ಸೇರಿತು. ಗ್ರಿಗ್ಸ್ ಕೈಬಿಟ್ಟ ಮೇಲೆ ಕುಸಿಯಿತು. 2011ರಲ್ಲಿ ಕ್ಲಬ್ಬೇ ಇಲ್ಲವಾಯಿತು.

ಎರಡನೇ ಆಕ್ಷೇಪ ಕೋಲ್ಮನ್ನರ ಮೇಲೆಯೇ. 2012ರ ಜನವರಿಯಲ್ಲಿ ಅವರು ರಾಚ್‌ಡೇಲಿಗೆ ಹೋದರು. ಆ ಸೀಸನ್ನಿನ ಕೊನೆಗೆ ತಂಡ ಕೆಳಗಿಳಿಯಿತು, ಒಂದು ವರ್ಷದಲ್ಲಿ ಅವರ ಕೆಲಸವೂ ಹೋಯಿತು. ಸೌತ್‌ಪೋರ್ಟ್, ಐರ್ಲೆಂಡಿನ ಸ್ಲೈಗೊ ರೋವರ್ಸ್ ಎರಡೂ ಕಡೆ ಹೆಚ್ಚು ದಿನ ನಿಲ್ಲಲಿಲ್ಲ. ನಿಜವಾದ ಪ್ರತಿಭೆಯಾಗಿದ್ದರೆ ಎಲ್ಲೆಡೆ ನಡೆಯಬೇಕಿತ್ತಲ್ಲವೇ? ವಿಲ್ಕಿನ್ಸನ್, ಆಟ್ಕಿನ್ಸನ್‌ರ ವಿಷಯದಲ್ಲಿ ನಡೆಯಿತಲ್ಲ! ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಹಳೆಯ ವ್ಯವಸ್ಥೆಯಲ್ಲಿ ನಮ್ಮ ಕಣ್ಣಿಗೆ ಬಿದ್ದವರು ಊರು ಬಿಟ್ಟು ಗೆಲ್ಲಬಲ್ಲವರು ಮಾತ್ರ. ಒಂದೇ ಕ್ಲಬ್ಬಿನಲ್ಲಿ ಬೇರುಬಿಟ್ಟು ಬೆಳೆಯಬಲ್ಲವರು ನಾನ್-ಲೀಗಿನಲ್ಲೇ ಮರೆಯಾದರು. ಕೋಲ್ಮನ್ ಈ ಎರಡನೇ ಬಗೆಯವರು. ಅವರಿಗೆ ಗೊತ್ತಿದ್ದ ವಿದ್ಯೆ ದೊಡ್ಡ ಕ್ಲಬ್‌ಗಳು ಬೇಡವೆಂದವರನ್ನು ತಂದು ಆಡಿಸುವುದು, ಅದೂ ಸಂಬಳ ಹೆಚ್ಚು ಕೊಡಲಾಗದ ಕಡೆ. 2014ರ ಸೆಪ್ಟೆಂಬರಿನಲ್ಲಿ ಅವರು ಆಕ್ರಿಂಗ್ಟನ್ನಿಗೆ ಮರಳಿದ ಮೇಲೆ ಆದದ್ದು ಇದನ್ನೇ ತೋರಿಸುತ್ತದೆ.

2016ರ ಮೇ 7ರ ಮಧ್ಯಾಹ್ನವನ್ನು ತೆಗೆದುಕೊಳ್ಳಿ. ಸೀಸನ್ನಿನ ಕೊನೆಯ ದಿನ, ಗೆದ್ದರೆ ಮೂರನೇ ಡಿವಿಷನ್ನಿಗೆ ನೇರ ಬಡ್ತಿ. ಆಕ್ರಿಂಗ್ಟನ್ ಸ್ವಂತ ಮೈದಾನದಲ್ಲಿ ಸ್ಟೀವನೇಜ್ ವಿರುದ್ಧ ಗೋಲಿಲ್ಲದ ಡ್ರಾ ಮಾಡಿಕೊಂಡಿತು. ಅದೂ ಸಾಕಾಗುವಂತಿತ್ತು, ಅಷ್ಟರಲ್ಲಿ ಬ್ರಿಸ್ಟಲ್ ರೋವರ್ಸ್‌ನ ಲೀ ಬ್ರೌನ್ ನಿಗದಿತ ಸಮಯ ಮುಗಿದ ಮೇಲೆ, 92ನೇ ನಿಮಿಷದಲ್ಲಿ, ಡ್ಯಾಗನಂ ವಿರುದ್ಧ ಗೋಲು ಹೊಡೆದರು. ಎರಡೂ ತಂಡಗಳಿಗೆ ಸಮ ಅಂಕ. ಗೋಲು ವ್ಯತ್ಯಾಸದಲ್ಲಿ ಬ್ರಿಸ್ಟಲ್ ಮೇಲೆ ಹೋಯಿತು, ಆಕ್ರಿಂಗ್ಟನ್ ಪ್ಲೇ-ಆಫ್ ಸೆಮಿಫೈನಲ್ಲಿನಲ್ಲಿ ವಿಂಬಲ್ಡನ್ನಿಗೆ ಸೋತಿತು. ಇಂಥ ಪೆಟ್ಟು ತಿಂದ ಬಡ ತಂಡದ ಒಳ್ಳೆಯ ಆಟಗಾರರನ್ನು ಬೇಸಗೆಯಲ್ಲಿ ಉಳ್ಳವರು ಎತ್ತಿಕೊಂಡು ಹೋಗುವುದು ವಾಡಿಕೆ. ಆದರೂ ಎರಡೇ ವರ್ಷದಲ್ಲಿ, 2018ರಲ್ಲಿ, ಆಕ್ರಿಂಗ್ಟನ್ ನಾಲ್ಕನೇ ಡಿವಿಷನ್ನಾದ ಲೀಗ್ ಟೂ ಚಾಂಪಿಯನ್ ಆಯಿತು. ಆ ವರ್ಷದ ಲೀಗ್ ಟೂ ಶ್ರೇಷ್ಠ ಆಟಗಾರ ಬಿಲ್ಲಿ ಕೀ ಹಿಂದೆ ಲೆಸ್ಟರ್ ಸಿಟಿಯಲ್ಲಿ ಕಲಿತು, ಅಲ್ಲಿ ಜಾಗ ಸಿಗದೆ ಟಾರ್ಕಿ, ಬರ್ಟನ್, ಸ್ಕಂತಾರ್ಪ್ ಸುತ್ತಿ ಬಂದವರು. ಮತದಾನದ ಕಾಲವಾಗಿದ್ದರೆ ಈ ತಂಡದ ಮುಂದೆ ಪ್ರತಿನಿಧಿಗಳು ಕೇಳುತ್ತಿದ್ದುದು ಮೈದಾನದಲ್ಲಿ ಎಷ್ಟು ಜನ ಹಿಡಿಸುತ್ತಾರೆ ಎಂಬ ಲೆಕ್ಕ. ಐದು ಸಾವಿರದ ಆಸುಪಾಸಿನ ಉತ್ತರ ಕೇಳಿ ಅರ್ಜಿ ಮಡಚಿಡುತ್ತಿದ್ದರೋ ಏನೋ.

ಈ ಬಾಗಿಲು ಎರಡೂ ಕಡೆಗೆ ತೆರೆಯುತ್ತದೆಂಬುದನ್ನು ಅದರ ಹೊಗಳುಭಟರು ಮರೆಯುತ್ತಾರೆ. ಐದು ಸೀಸನ್ ಮೂರನೇ ಡಿವಿಷನ್ನಿನಲ್ಲಿ ನಿಂತ ಆಕ್ರಿಂಗ್ಟನ್ 2023ರಲ್ಲಿ ಕೆಳಗಿಳಿಯಿತು. 2024ರ ಮಾರ್ಚಿನಲ್ಲಿ ಕೋಲ್ಮನ್ ಮತ್ತು ಬೆಲ್ ಇಬ್ಬರನ್ನೂ ಕ್ಲಬ್ ತೆಗೆದುಹಾಕಿತು, ಜಾನ್ ಡೂಲನ್ ಆ ಜಾಗಕ್ಕೆ ಬಂದರು. ಊರಿಗೆ ಇಷ್ಟು ಕೊಟ್ಟವರನ್ನು ಹೀಗೆ ಕಳಿಸಬಹುದೇ ಎಂದು ಕೇಳಿದರೆ, ನಾನ್-ಲೀಗಿನಲ್ಲೇ ಉಳಿದಿದ್ದರೆ ಬಹುಶಃ ಕಳಿಸುತ್ತಿರಲಿಲ್ಲ. ನಾಲ್ಕನೇ ಡಿವಿಷನ್ನಿನಿಂದಲೂ ಜಾರಿಬಿದ್ದೇವೆಂಬ ಭಯವಿರುವ ಲೀಗ್ ಕ್ಲಬ್ಬೊಂದು ಸೋಲುತ್ತಿರುವ ಮ್ಯಾನೇಜರನ್ನು ನಡೆಸಿಕೊಳ್ಳುವುದು ಹಾಗೆಯೇ, ಮತ್ತು ಆಕ್ರಿಂಗ್ಟನ್ನನ್ನು ಅಂಥ ಲೀಗ್ ಕ್ಲಬ್ ಮಾಡಿದವರು ಕೋಲ್ಮನ್ನರೇ.