ದಣಿವಿನ ಕಾಯಿಲೆ: ಹಲ್ಲು, ದವಡೆಯ ಆರೈಕೆ ಮುಂದೂಡದಿರಿ

ಬೆಂಗಳೂರು: ಮಲ್ಲೇಶ್ವರದ ಮನೆಯಿಂದ ಎರಡು ರಸ್ತೆ ಆಚೆಗಿನ ದಂತ ಚಿಕಿತ್ಸಾಲಯಕ್ಕೆ ಹೋಗಿ ಬರುವುದು ಆರೋಗ್ಯವಂತರಿಗೆ ಒಂದು ಗಂಟೆಯ ಕೆಲಸ. ದೀರ್ಘಕಾಲಿಕ ದಣಿವಿನ ಕಾಯಿಲೆ ಇರುವವರನ್ನು ಅಷ್ಟೇ ಓಡಾಟ ಮೂರು ದಿನ ಹಾಸಿಗೆಗೆ ಕೆಡವಬಹುದು. ಈ ಭಯದಿಂದಲೇ ಅನೇಕರು ಹಲ್ಲುನೋವನ್ನು ಸಹಿಸಿಕೊಂಡು ದಿನ ದೂಡುತ್ತಾರೆ. ಆದರೆ ಒಂದೇ ಭೇಟಿಯಲ್ಲಿ ತುಂಬಿಸಬಹುದಾದ ಹುಳುಕು ನರದವರೆಗೆ ಇಳಿದರೆ, ರೂಟ್ ಕೆನಾಲ್ ಹಾಗೂ ಕ್ಯಾಪ್‌ಗಾಗಿ ಹಲವು ಬಾರಿ ಅಲೆಯಬೇಕಾಗುತ್ತದೆ. ಮುಂದೂಡಿ ಉಳಿಸಿದ ಶಕ್ತಿಗಿಂತ ಆಗ ವ್ಯಯವಾಗುವುದೇ ಹೆಚ್ಚು.

ಏನಿದು ಕಾಯಿಲೆ?

ಕ್ರಾನಿಕ್ ಫೆಟೀಗ್ ಸಿಂಡ್ರೋಮ್ ಎಂಬ ಹೆಸರು ವೈದ್ಯಲೋಕದಲ್ಲಿ ನೆಲೆಗೊಂಡದ್ದು 1988ರಲ್ಲಿ. ಇಂದು ಇದನ್ನು ಎಂಇ/ಸಿಎಫ್‌ಎಸ್ ಎಂದು ಕರೆಯಲಾಗುತ್ತದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಇದರ ಲಕ್ಷಣಗಳನ್ನು ಸ್ಪಷ್ಟಪಡಿಸಿತು: ಆರು ತಿಂಗಳಿಗೂ ಮೀರಿದ, ದೈನಂದಿನ ಬದುಕನ್ನು ಕುಗ್ಗಿಸುವ ದಣಿವು, ಶ್ರಮದ ನಂತರ ಉಲ್ಬಣಿಸುವ ಅಸ್ವಸ್ಥತೆ, ಚೇತರಿಕೆ ನೀಡದ ನಿದ್ರೆ. ಇವುಗಳ ಜೊತೆಗೆ ಮರೆವು–ಮಂಕು ಅಥವಾ ಎದ್ದು ನಿಂತಾಗ ಉಂಟಾಗುವ ತೊಂದರೆ ಇರಬೇಕು. ರಕ್ತಹೀನತೆ, ಥೈರಾಯ್ಡ್ ದೋಷ, ಮಧುಮೇಹಗಳಿಂದಲೂ ದಣಿವು ಬರುವುದರಿಂದ ಅವುಗಳ ತಪಾಸಣೆ ಮೊದಲು ಆಗಬೇಕು.

ದವಡೆ ಏಕೆ ನೋಯುತ್ತದೆ?

ಕಿವಿಯ ಮುಂಭಾಗದಲ್ಲಿ ದವಡೆಯ ಕೀಲು ಇದೆ. ಈ ಕೀಲು ಮತ್ತು ಅದರ ಸ್ನಾಯುಗಳ ನೋವು ಎಂಇ/ಸಿಎಫ್‌ಎಸ್, ಫೈಬ್ರೊಮಯಾಲ್ಜಿಯಾ ಇರುವವರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಕಪೋಲ, ಕಿವಿ ಮತ್ತು ಕಣತಲೆಯಲ್ಲಿ ನೋವು, ಬಾಯಿ ತೆರೆಯಲು ಬಿಗಿತ ಇದರ ಗುರುತು. ನಿದ್ರೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಬೆಳಗಿನ ನೋವು ಹೆಚ್ಚು. ನೋವಿಲ್ಲದೆ ಬರೀ ‘ಟಕ್’ ಎಂಬ ಸದ್ದಷ್ಟೇ ಬರುತ್ತಿದ್ದರೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ.

ಬಿಸಿನೀರಿನ ಶಾಖ, ತುಟಿ ಮುಚ್ಚಿದ್ದರೂ ಮೇಲಿನ–ಕೆಳಗಿನ ಹಲ್ಲು ತಾಗದಂತೆ ಇಡುವ ರೂಢಿ, ಮೆತ್ತಗಿನ ಆಹಾರ ಮೊದಲ ಉಪಾಯಗಳು. ನೋವಿನ ದಿನಗಳಲ್ಲಿ ಇಡ್ಲಿ, ಮೆತ್ತಗಿನ ಅನ್ನ–ತಿಳಿಸಾರು, ರಾಗಿ ಗಂಜಿ ಹಿತಕರ. ಚಕ್ಕುಲಿ, ಕೋಡುಬಳೆ, ಬಸವನಗುಡಿ ಪರಿಷೆಯ ಹುರಿದ ಕಡಲೆಕಾಯಿ ಆ ದಿನಗಳಿಗೆ ಸಲ್ಲದು. ರಾತ್ರಿ ಧರಿಸುವ ನೈಟ್ ಗಾರ್ಡ್ ಹಲ್ಲು ಸವೆಯುವುದನ್ನು ತಡೆಯುತ್ತದೆ. ಕಚ್ಚುವಿಕೆ ಸರಿಪಡಿಸಲು ಹಲ್ಲು ಉಜ್ಜಿ ತೆಗೆಸುವುದು, ಶಸ್ತ್ರಚಿಕಿತ್ಸೆಯಂತಹ ಹಿಂತಿರುಗಿಸಲಾಗದ ಕ್ರಮಗಳಿಗೆ ಅವಸರಪಡಬಾರದು.

ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಬಾಯಿ ಉರಿಯೊಂದಿಗೆ ಬಿಗಿತ ಕಂಡರೆ ಅದು ದವಡೆಯ ದೋಷವಲ್ಲದೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು. ಇದು ಕ್ಯಾನ್ಸರ್‌ಗೆ ತಿರುಗುವ ಸಾಧ್ಯತೆ ಇರುವುದರಿಂದ ಕೂಡಲೇ ತೋರಿಸಬೇಕು.

ಬಾಯಿ ಒಣಗಿದರೆ ಹುಳುಕು

ನೋವು, ನಿದ್ರೆಗಾಗಿ ನೀಡುವ ಅಮಿಟ್ರಿಪ್ಟಿಲಿನ್‌ನಂತಹ ಮಾತ್ರೆಗಳು ಜೊಲ್ಲನ್ನು ಕಡಿಮೆ ಮಾಡುತ್ತವೆ. ಹಲ್ಲನ್ನು ಆಮ್ಲದಿಂದ ಕಾಪಾಡುವುದೇ ಜೊಲ್ಲು. ಚೈತನ್ಯಕ್ಕೆಂದು ದಿನವಿಡೀ ಸಕ್ಕರೆ ಬೆರೆಸಿದ ಕಾಫಿ ಗುಟುಕರಿಸುವುದು ಹಾನಿಯನ್ನು ಇಮ್ಮಡಿಸುತ್ತದೆ. ನೀರು ಪಕ್ಕದಲ್ಲಿರಲಿ. ಮಾತ್ರೆಯನ್ನು ಸ್ವತಃ ನಿಲ್ಲಿಸದೆ ವೈದ್ಯರೊಡನೆ ಚರ್ಚಿಸಬೇಕು.

ನಿಂತು ಹಲ್ಲುಜ್ಜಲು ಆಗದಿದ್ದರೆ ಕುರ್ಚಿಯಲ್ಲಿ ಅಥವಾ ಹಾಸಿಗೆಯಲ್ಲಿ ಕುಳಿತು ಉಜ್ಜಬಹುದು. ಒಂದೇ ಬಾರಿ ಸಾಧ್ಯವಾಗುವ ದಿನ ರಾತ್ರಿಯ ಹೊತ್ತನ್ನು ತಪ್ಪಿಸಬಾರದು. ಫ್ಲೋರೈಡ್ ಪೇಸ್ಟ್ ಬಳಸಿ, ಉಗುಳಿದ ಮೇಲೆ ನೀರಿನಿಂದ ಮುಕ್ಕಳಿಸದೆ ಬಿಟ್ಟರೆ ಅದರ ಗುಣ ಉಳಿಯುತ್ತದೆ.

ಭೇಟಿಗೆ ಸಿದ್ಧತೆ

* ಕಾಯಿಲೆ, ಮಾತ್ರೆಗಳ ವಿವರವನ್ನು ಚೀಟಿಯಲ್ಲಿ ಬರೆದು ಕೊಡಿ.
* ದಿನದ ಉತ್ತಮ ಹೊತ್ತಿಗೆ, ಕಾಯುವಿಕೆ ಕಡಿಮೆ ಇರುವಂತೆ ಸಮಯ ಗೊತ್ತುಪಡಿಸಿಕೊಳ್ಳಿ. ಹಿಂದು–ಮುಂದಿನ ದಿನ ಬೇರೆ ಕೆಲಸ ಬೇಡ.
* ದೀರ್ಘ ಚಿಕಿತ್ಸೆಯನ್ನು ಸಣ್ಣ ಸಣ್ಣ ಭಾಗ ಮಾಡಲು ಕೋರಿ. ಓಡಾಟವೇ ಹೆಚ್ಚು ದಣಿಸುವುದಾದರೆ ಒಂದೇ ಭೇಟಿಯಲ್ಲಿ ಎಷ್ಟು ಮುಗಿಸಬಹುದೆಂದು ಕೇಳಿ.
* ಬಾಯಿ ತೆರೆದಿಡಲು ಆಸರೆಯ ಬೈಟ್ ಬ್ಲಾಕ್ ಹಾಗೂ ನಡುನಡುವೆ ವಿರಾಮ ಕೇಳಿ.
* ಮರಗಟ್ಟಿಸುವ ಚುಚ್ಚುಮದ್ದಿನಲ್ಲಿ ಅಡ್ರಿನಲಿನ್ ಇರುವುದುಂಟು. ಎದೆಬಡಿತ ಏರುವ ತೊಂದರೆ ಇದ್ದರೆ ಮೊದಲೇ ತಿಳಿಸಿ.
* ಮುಗಿದ ಕೂಡಲೇ ಎದ್ದು ನಿಲ್ಲದೆ, ಕೆಲ ನಿಮಿಷ ಕುಳಿತು ಏಳಿ.

ಎಲ್ಲಿ ಚಿಕಿತ್ಸೆ?

ಚಾಮರಾಜಪೇಟೆಗೆ ಸಮೀಪದ ಕೋಟೆ ಪ್ರದೇಶದಲ್ಲಿ 1958ರಲ್ಲಿ ಆರಂಭವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಬಸವನಗುಡಿಯವರಿಗೆ ವಿ.ವಿ. ಪುರದ ಕೆ.ಆರ್. ರಸ್ತೆಯ ಒಕ್ಕಲಿಗರ ಸಂಘ ದಂತ ಕಾಲೇಜು ಹತ್ತಿರ. ಬೋಧನಾ ಆಸ್ಪತ್ರೆಗಳಲ್ಲಿ ವೆಚ್ಚ ಸಾಮಾನ್ಯವಾಗಿ ಕಡಿಮೆ, ಎಲ್ಲ ವಿಭಾಗಗಳೂ ಒಂದೆಡೆ ಇರುತ್ತವೆ. ಆದರೆ ವಿದ್ಯಾರ್ಥಿಗಳು ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ನೀಡುವುದರಿಂದ ಸಮಯ ಹೆಚ್ಚು ಹಿಡಿಯುತ್ತದೆ. ಸರದಿಯಲ್ಲಿ ನಿಲ್ಲಲು ಜೊತೆಗೊಬ್ಬರು ಇರುವುದು ಒಳಿತು. ಮಲ್ಲೇಶ್ವರದ ಸಂಪಿಗೆ ರಸ್ತೆ ನಿಲ್ದಾಣದಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ರೈಲು ಬದಲಿಸದೆ ಕೆ.ಆರ್. ಮಾರುಕಟ್ಟೆ ತಲುಪಬಹುದು.

ತಡಮಾಡಬಾರದ ಸಂದರ್ಭ

ಜ್ವರದೊಂದಿಗೆ ಮುಖ ಊದುವುದು, ನುಂಗಲು–ಉಸಿರಾಡಲು ಕಷ್ಟವಾಗುವುದು ತುರ್ತು ಸ್ಥಿತಿ. ಶ್ರಮಪಟ್ಟಾಗ ಎದೆ ಬಿಗಿತದೊಂದಿಗೆ ದವಡೆ ನೋಯುವುದು ಹೃದಯದ ಸೂಚನೆಯಾಗಿರಬಹುದು. 50 ವರ್ಷ ದಾಟಿದವರಲ್ಲಿ ಅಗಿಯುವಾಗ ದವಡೆನೋವು, ಹೊಸದಾಗಿ ಕಣತಲೆ ನೋವು ಬಂದರೆ ರಕ್ತನಾಳದ ಉರಿಯೂತವಿರಬಹುದು. ಚಿಕಿತ್ಸೆ ತಡವಾದರೆ ದೃಷ್ಟಿಗೆ ಅಪಾಯ. ಇವನ್ನು ‘ಮಾಮೂಲಿ ದಣಿವು’ ಎಂದು ತಳ್ಳಿಹಾಕಬಾರದು.

ಹಳೆಯ ಬೆಳ್ಳಿ ಬಣ್ಣದ ತುಂಬುವಿಕೆಯನ್ನೋ ರೂಟ್ ಕೆನಾಲ್ ಆದ ಹಲ್ಲನ್ನೋ ತೆಗೆಸಿದರೆ ದಣಿವಿನ ಕಾಯಿಲೆ ವಾಸಿಯಾಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಹಲ್ಲಿನ ಚಿಕಿತ್ಸೆ ದಣಿವನ್ನು ಗುಣಪಡಿಸದು. ಆದರೆ ಸಕಾಲದಲ್ಲಿ ಪಡೆದರೆ ನೋವು, ನಿದ್ರಾಭಂಗ, ಊಟದ ತೊಂದರೆಗಳ ಹೆಚ್ಚುವರಿ ಹೊರೆಯನ್ನು ಖಂಡಿತ ತಗ್ಗಿಸುತ್ತದೆ.