ಪ್ರೊಸೆಸರ್ ಕೆಟ್ಟಿದೆಯೇ? ಪತ್ತೆ ಹಚ್ಚುವುದು ಹೇಗೆ?

ಸೊಲ್ಲಾಪುರದ ಚಾದರ ಕಾರಖಾನೆಯ ಡಿಸೈನ್ ಕೋಣೆಯಿರಲಿ, ಅಕ್ಕಲಕೋಟೆಯ ಡಿಟಿಪಿ ಅಂಗಡಿ ಇಲ್ಲವೆ ಶಾಲೆಯ ಕಚೇರಿಯಿರಲಿ, ಕಂಪ್ಯೂಟರ್ ಪದೇ ಪದೇ ಹ್ಯಾಂಗ್ ಆದರೆ ಕೆಲಸವೆಲ್ಲ ನಿಲ್ಲುತ್ತದೆ. ರಿಪೇರಿಗೆ ಒಯ್ದಾಗ ‘ಪ್ರೊಸೆಸರ್ ಹೋಗಿದೆ, ಬದಲಿಸಬೇಕು’ ಎಂಬ ಉತ್ತರ ಬಂದರೆ ಸಾವಿರಾರು ರೂಪಾಯಿ ಖರ್ಚು. ಹಳೆಯ ಮದರ್‌ಬೋರ್ಡಿಗೆ ಹೊಂದುವ ಪ್ರೊಸೆಸರ್ ಸಿಗದಿದ್ದರೆ ಬೋರ್ಡು, ರ‍್ಯಾಮ್ ಕೂಡ ಹೊಸದು ಬೇಕು.

ಆದರೆ ಕಂಪ್ಯೂಟರಿನ ಭಾಗಗಳಲ್ಲಿ ಪ್ರೊಸೆಸರ್ ಕೆಡುವುದು ತೀರ ಅಪರೂಪ. ಆದ್ದರಿಂದ ಬೇರೆಲ್ಲವನ್ನೂ ನೋಡಿದ ಮೇಲೆಯೇ ಅದರ ಮೇಲೆ ಸಂಶಯ ಪಡಬೇಕು. ಪರೀಕ್ಷೆಗೆ ಮೊದಲು ಮುಖ್ಯ ಫೈಲುಗಳನ್ನು ಪೆನ್ ಡ್ರೈವಿಗೋ ಬೇರೆ ಹಾರ್ಡ್ ಡಿಸ್ಕಿಗೋ ನಕಲು ಮಾಡಿಟ್ಟುಕೊಳ್ಳಿ.

೧. ಬಿಸಿ ಮತ್ತು ಧೂಳು

ನಮ್ಮ ಜಿಲ್ಲೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ಯಾನು ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಚಳಿಗಾಲದಲ್ಲಿ ಸರಿಯಿದ್ದ ಯಂತ್ರ ಮೇ ತಿಂಗಳಲ್ಲಿ ನಿಲ್ಲುವುದು ಇದರಿಂದಲೇ ಇರಬಹುದು. ಮಗ್ಗಗಳಿರುವಲ್ಲಿ ಹತ್ತಿಯ ನಾರು ಹೀಟ್‌ಸಿಂಕಿನ ಸಂದುಗಳಲ್ಲಿ ಕೂರುತ್ತದೆ. ಬಯಾಸ್‌ನಲ್ಲಿ ಉಷ್ಣತೆ ನೋಡಿ. ಈಚಿನ ಅನೇಕ ಪ್ರೊಸೆಸರುಗಳು 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತಾವೇ ವೇಗ ತಗ್ಗಿಸುತ್ತವೆ. ಇನ್ನೂ ಏರಿದರೆ ಯಂತ್ರ ಬಂದ್ ಆಗುತ್ತದೆ. ಇದು ದೋಷವಲ್ಲ, ರಕ್ಷಣೆ. ಧೂಳು ತೆಗೆಯಿರಿ, ಫ್ಯಾನು ತಿರುಗುತ್ತಿದೆಯೇ ನೋಡಿ, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ.

೨. ವಿದ್ಯುತ್

ವೋಲ್ಟೇಜ್ ಏರಿಳಿತದಿಂದ ಎಸ್‌ಎಂಪಿಎಸ್ ದುರ್ಬಲವಾಗುತ್ತದೆ. ಭಾರದ ಕೆಲಸ ಶುರುವಾದೊಡನೆ ಯಂತ್ರ ತಟ್ಟನೆ ಆಫ್ ಆದರೆ ಮೊದಲು ಇದನ್ನೇ ಶಂಕಿಸಿ. ಸರಿಯಿರುವ ಬೇರೆ ಎಸ್‌ಎಂಪಿಎಸ್ ಜೋಡಿಸಿ ನೋಡಿ. ಬೋರ್ಡಿನ ಕೆಪಾಸಿಟರ್‌ಗಳು ಉಬ್ಬಿವೆಯೇ ಎಂದೂ ಗಮನಿಸಿ.

೩. ರ‍್ಯಾಮ್

ಕೆಟ್ಟ ರ‍್ಯಾಮ್ ಮತ್ತು ಕೆಟ್ಟ ಪ್ರೊಸೆಸರ್ ತೋರುವ ಲಕ್ಷಣಗಳು ಹೆಚ್ಚುಕಡಿಮೆ ಒಂದೇ: ನೀಲಿ ತೆರೆ, ರೀಸ್ಟಾರ್ಟ್, ಹಾಳಾದ ಫೈಲು. ಒಂದೊಂದೇ ರ‍್ಯಾಮ್ ಹಾಕಿ ಓಡಿಸಿ. ಉಚಿತವಾಗಿ ಸಿಗುವ ಮೆಮ್‌ಟೆಸ್ಟ್86+ ತಂತ್ರಾಂಶವನ್ನು ರಾತ್ರಿಯಿಡೀ ನಡೆಸಿ.

೪. ಬಯಾಸ್

ಓವರ್‌ಕ್ಲಾಕಿಂಗ್ ಇದ್ದರೆ ತೆಗೆದು ಮೂಲ ಸೆಟ್ಟಿಂಗಿಗೆ ತನ್ನಿ. ಬಯಾಸ್ ಅಪ್‌ಡೇಟ್ ಮಾಡುವಾಗ ಯುಪಿಎಸ್ ಇರಲೇಬೇಕು. ನಡುವೆ ಕರೆಂಟ್ ಹೋದರೆ ಬೋರ್ಡೇ ಕೆಡಬಹುದು.

೫. ಪ್ರೊಸೆಸರ್ ಪರೀಕ್ಷೆ

ಇಷ್ಟಾದರೂ ತೊಂದರೆ ನಿಲ್ಲದಿದ್ದರೆ ಪ್ರೈಮ್95 ತಂತ್ರಾಂಶದ ‘ಟಾರ್ಚರ್ ಟೆಸ್ಟ್’ ನಡೆಸಿ. ಇದು ಉತ್ತರ ಗೊತ್ತಿರುವ ದೊಡ್ಡ ಲೆಕ್ಕಗಳನ್ನು ಪ್ರೊಸೆಸರಿನಿಂದ ಮಾಡಿಸಿ ತಾಳೆ ನೋಡುತ್ತದೆ. ಇಂಟೆಲ್ ಪ್ರೊಸೆಸರುಗಳಿಗೆ ಆ ಕಂಪನಿಯದೇ ಪರೀಕ್ಷಾ ತಂತ್ರಾಂಶವೂ ಇದೆ. ಉಷ್ಣತೆ ಮಿತಿಯಲ್ಲಿದ್ದು, ರ‍್ಯಾಮ್ ಸರಿಯಿದ್ದೂ ಲೆಕ್ಕ ತಪ್ಪಿದರೆ ಸಂಶಯ ಬಲವಾಗುತ್ತದೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ಡಬ್ಲ್ಯುಎಚ್‌ಇಎ ಲಾಗರ್’ ದಾಖಲೆಗಳನ್ನೂ ನೋಡಿ. ಅಲ್ಲಿ ಪ್ರೊಸೆಸರ್ ಕೋರ್ ಹೆಸರು ಮತ್ತೆ ಮತ್ತೆ ಬಂದರೆ ಬರೆದಿಟ್ಟುಕೊಳ್ಳಿ.

೬. ಕೊನೆಯ ಸಾಕ್ಷಿ

ನಿಮ್ಮ ಪ್ರೊಸೆಸರನ್ನು ಅದಕ್ಕೆ ಹೊಂದುವ ಬೇರೆ ಬೋರ್ಡಿಗೆ ಹಾಕಿದಾಗ ಅದೇ ದೋಷ ಅಲ್ಲಿಯೂ ಬರಬೇಕು. ಸರಿಯಿರುವ ಪ್ರೊಸೆಸರ್ ನಿಮ್ಮ ಬೋರ್ಡಿನಲ್ಲಿ ದೋಷವಿಲ್ಲದೆ ನಡೆಯಬೇಕು. ಎರಡೂ ಆದರೆ ಮಾತ್ರ ಪ್ರೊಸೆಸರ್ ಕೆಟ್ಟಿದೆ ಎನ್ನಬಹುದು. ತೆಗೆದು ಹಾಕುವಾಗ ಪಿನ್ನುಗಳು ಬಾಗದಂತೆ ಎಚ್ಚರ.

ಅಪರೂಪವೆಂದರೆ ಇಲ್ಲವೇ ಇಲ್ಲವೆಂದಲ್ಲ. 1994ರಲ್ಲಿ ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಪೆಂಟಿಯಂ ಪ್ರೊಸೆಸರ್ ಕೆಲವು ಭಾಗಾಕಾರಗಳನ್ನು ತಪ್ಪಾಗಿ ಮಾಡುವುದನ್ನು ಬಯಲಿಗೆ ತಂದರು. ಅದು ವಿನ್ಯಾಸದ ದೋಷ. ಇಂಟೆಲ್ ಬದಲಿ ಪ್ರೊಸೆಸರ್ ಕೊಡಬೇಕಾಯಿತು. 2024ರಲ್ಲಿ ಅದೇ ಕಂಪನಿಯ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅತಿಯಾದ ವೋಲ್ಟೇಜಿನಿಂದ ಕಾಲಕ್ರಮೇಣ ದುರ್ಬಲವಾಗುತ್ತಿರುವುದು ತಿಳಿದುಬಂತು. ಕಂಪನಿ ಬಯಾಸ್ ಮೂಲಕ ತಿದ್ದುಪಡಿ ಕೊಟ್ಟು, ವಾರಂಟಿಯನ್ನು 2 ವರ್ಷ ಹೆಚ್ಚಿಸಿತು. ತಿದ್ದುಪಡಿ ಹಾನಿಯನ್ನು ತಡೆಯುತ್ತದೆ. ಆಗಲೇ ಆದ ಹಾನಿಯನ್ನು ಸರಿಪಡಿಸದು. ಅಂಥ ಪ್ರೊಸೆಸರ್ ನಿಮ್ಮಲ್ಲಿದ್ದರೆ ಹೊಸದು ಕೊಳ್ಳುವ ಮೊದಲು ಬಿಲ್ಲು ಹುಡುಕಿ ವಾರಂಟಿ ವಿಚಾರಿಸಿ.

ಓದುಗರೇ, ಇನ್ನು ಯಾರಾದರೂ ‘ಪ್ರೊಸೆಸರ್ ಹೋಗಿದೆ’ ಎಂದರೆ ‘ಬೇರೆ ಬೋರ್ಡಿಗೆ ಹಾಕಿ ತೋರಿಸಿ’ ಎಂದು ಕೇಳಿ. ಬದಲಿಸಿದರೆ ಹಳೆಯದನ್ನು ಮರಳಿ ಪಡೆಯಿರಿ.